ಎರಡನೇ ದಿನದ ಕಾಲು

ಹೋದ ತಿಂಗಳು ಹುಮನಾಬಾದಿಗೆ ಮದುವೆಯೊಂದಕ್ಕೆ ಹೊರಟಿದ್ದೆವು. ಕಮಲಾಪುರ ಬಂದಾಗ ಕಾರಿನ ಕಿಟಕಿ ಇಳಿಸಿಕೊಂಡು ಕೂತಿದ್ದೆ. ರಸ್ತೆ ಬದಿಯ ಅಂಗಡಿಗಳಲ್ಲಿ ಕೆಂಪು ಬಾಳೆಗೊನೆಗಳು ತೂಗುತ್ತಿದ್ದವು. ಪೂರಾ ಮಾಗಿದ ಕೆಂಪು ಬಾಳೆಗೆ ಒಂದು ವಾಸನೆ ಇದೆ. ಬೇರೆ ಬಾಳೆಹಣ್ಣಿಗಿಂತ ದಪ್ಪ, ಸ್ವಲ್ಪ ಬೆಲ್ಲದ ಹತ್ತಿರ. ಅದು ಮೂಗಿಗೆ ಹತ್ತಿದ್ದೇ ತಡ, "ನಿಲ್ಲಸಪ್ಪಾ" ಅಂದೆ. ಕಾರು ನಡೆಸುತ್ತಿದ್ದವನು ನನ್ನ ತಂಗಿಯ ಅಳಿಯ, ಜಿಮ್ಮಿಗೆ ಹೋಗಿ ತೋಳು ಬೆಳೆಸಿಕೊಂಡವನು. ಇಳಿದು ಹೋಗಿ ಹಣ್ಣು ಕಟ್ಟಿಸಿಕೊಂಡು ಬಂದು ನನಗೇ ಪಾಠ ಶುರು ಮಾಡಿದ. "ಅತ್ತೀ, ಇದರಾಗ ಆಂಟಿಆಕ್ಸಿಡೆಂಟ್ ಭಾಳ ಇರ್ತಾವ್ರಿ. ವರ್ಕೌಟ್ ಆದಮ್ಯಾಲ ತಿಂದ್ರ ಬಾವು ಇಳೀತದ, ಮರುದಿನ ಮೈ ನೋಯಂಗಿಲ್ಲ." ನನಗೆ ನಗು ತಡೆಯಲಿಲ್ಲ. ಪಾಪ, ಅವನಿಗೇನು ಗೊತ್ತು. ಅವನು ಅಂಗನವಾಡಿಯಲ್ಲಿದ್ದಾಗಲೇ ನಾನು ಈ ಮಾತನ್ನು ಒಂದು ಮೈದಾನದ ತುಂಬ ಹುಡುಗಿಯರ ಮುಂದೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೆ.

ಆಗ ನಮ್ಮ ಊರಿನ ಹೆಸರು ಇನ್ನೂ ಗುಲಬರ್ಗಾ. ತೊಂಬತ್ತರ ದಶಕದ ನಡುವಿನ ಮಾತು. ಊರಿನ ಒಂದು ಮಹಿಳಾ ಕಾಲೇಜಿನಲ್ಲಿ ನಾನು ಗೃಹವಿಜ್ಞಾನ ಕಲಿಸುತ್ತಿದ್ದೆ. ಮನೆ ಜೇವರ್ಗಿ ಕಾಲೋನಿಯಲ್ಲಿ. ಗೃಹವಿಜ್ಞಾನ ಅಂದರೆ ಉಳಿದ ಲೆಕ್ಚರರುಗಳಿಗೆ ಚೇಷ್ಟೆ. "ಇವತ್ತ ಏನ್ ಅಡಗಿ ಕಲಿಸಿದ್ರಿ ಮೇಡಂ?" ಅಂತ ಇಂಗ್ಲಿಷಿನವರು ದಿನಾ ಕೇಳೋರು. ನಾನೇನು ಬಿಡ್ತಿದ್ದೆನೇ? "ನಿಮಗ ತಿಳಿಯಂಗಿಲ್ಲ ಬಿಡ್ರಿ, ನೀವು ಬರೇ ತಿನ್ನೋರು" ಅನ್ನುತ್ತಿದ್ದೆ. ಆ ಬೇಸಿಗೆ ಹೈದರಾಬಾದಿನಲ್ಲಿ ಒಂದು ತರಬೇತಿಗೆ ಹೋಗಿ ಬಂದಿದ್ದೆ. ಅಲ್ಲಿಂದ ಹೊತ್ತುಕೊಂಡು ಬಂದ ಹೊಸ ಶಬ್ದವೇ ಈ ಆಂಟಿಆಕ್ಸಿಡೆಂಟ್. ಹೊಸ ಶಬ್ದ ಕಲಿತ ಮಾಸ್ತರರು ಸುಮ್ಮನೆ ಕೂಡುವುದಿಲ್ಲ ನೋಡ್ರಿ. ಯಾರ ಮೇಲಾದರೂ ಅದನ್ನು ಪ್ರಯೋಗ ಮಾಡಲೇಬೇಕು. ನನಗೆ ಸಿಕ್ಕವರು ನಮ್ಮ ಕಾಲೇಜಿನ ಓಟದ ಹುಡುಗಿಯರು.

ದಸರಾ ರಜೆ ಮುಗಿದು ಕಾಲೇಜು ಶುರುವಾದ ವಾರ ಇರಬೇಕು. ನಮ್ಮ ವಿಭಾಗದ ವರಾಂಡ ಮೈದಾನಕ್ಕೆ ಮುಖ ಮಾಡಿತ್ತು. ಬೆಳಿಗ್ಗೆ ನೋಡುತ್ತೇನೆ, ಒಬ್ಬ ಉದ್ದನೆಯ ಹುಡುಗಿ ಮೆಟ್ಟಿಲನ್ನು ಬೆನ್ನು ಮುಂದಾಗಿ ಇಳಿಯುತ್ತಿದ್ದಾಳೆ. ಗೋಡೆ ಹಿಡಿದುಕೊಂಡು, ಹಿಂದೆ ಹಿಂದೆ.

"ಏನವ್ವಾ, ಹಿಂದ ಮುಂದಾಗಿ ಇಳಿಯಾಕತ್ತೀದಿ? ಯಾರರ ಪಂದ್ಯ ಕಟ್ಯಾರೇನು?" ಅಂದೆ.

"ಇಲ್ರಿ ಮೇಡಂ. ಮುಂದ ಮಾರಿ ಮಾಡಿ ಇಳಿದ್ರ ತೊಡಿ ಹರಿದಂಗ ಆಗ್ತದ್ರಿ. ನಿನ್ನಿ ಸರ್ ಭಾಳ ಓಡಿಸ್ಯಾರ."

ಅವಳೇ ಮಾಳಮ್ಮ. ಶರಣಸಿರಸಗಿಯವಳು, ಬಿ.ಎ. ಕೊನೆಯ ವರ್ಷ. ಅಪ್ಪನದು ತೊಗರಿ ಹೊಲ. ಊರಿನಿಂದ ಸೈಕಲ್ ಮೇಲೆ ಬಂದು, ಓಡಿ, ಕ್ಲಾಸು ಕೇಳಿ, ಮತ್ತೆ ಸೈಕಲ್ ತುಳಿದು ಹೋಗುತ್ತಿದ್ದಳು. ಮಾತು ಕಡಿಮೆ. ಆದರೆ ಏನಾಗಬೇಕು ಅಂತ ಕೇಳಿದರೆ ಉತ್ತರ ತಯಾರಿರುತ್ತಿತ್ತು: "ಸೀಟಿ ಊದೋ ನೌಕರಿ ಬೇಕ್ರಿ ನನಗ." ಅಂದರೆ ದೈಹಿಕ ಶಿಕ್ಷಣದ ಮೇಡಂ ಆಗಬೇಕು. ಅದಕ್ಕೆ ತರಬೇತಿ ಕಾಲೇಜಿನಲ್ಲಿ ಸೀಟು ಬೇಕು. ಆಟದ ಕೋಟಾದಲ್ಲಿ ಆ ಸೀಟು ಸಿಗಬೇಕೆಂದರೆ ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಿರಬೇಕು.

ಆಯ್ಕೆ ನಡೆಯುವುದು ಸಂಕ್ರಾಂತಿ ಆದಮೇಲಿನ ಅಂತರ್ ಕಾಲೇಜು ಕ್ರೀಡಾಕೂಟದಲ್ಲಿ. ಮೊದಲ ದಿನ ಮೂರು ಸಾವಿರ ಮೀಟರು, ಮರುದಿನ ಬೆಳಿಗ್ಗೆ ಹದಿನೈದು ನೂರು. ಎರಡೂ ದಿನದ ಅಂಕ ಕೂಡಿಸಿ ಮೊದಲ ಮೂವರನ್ನು ತೆಗೆದುಕೊಳ್ಳುತ್ತಿದ್ದರು. ಹಿಂದಿನ ವರ್ಷ ಮೊದಲ ದಿನ ಮಾಳಮ್ಮನೇ ಮೊದಲು. ಮರುದಿನ ಅರ್ಧ ಓಟಕ್ಕೆ ಹೊಟ್ಟೆ ಹಿಡಿದುಕೊಂಡು ಟ್ರ್ಯಾಕಿನ ಮೇಲೆ ಕೂತುಬಿಟ್ಟಿದ್ದಳು. ಎಲ್ಲ ಹೋಯಿತು. ಈ ವರ್ಷ ಬಿಟ್ಟರೆ ಮತ್ತೆ ಅವಕಾಶವಿಲ್ಲ. ಅವಳಿಗೆ ಬೇಕಾಗಿದ್ದದ್ದು ವೇಗವಲ್ಲ, ಅದು ಇತ್ತು. ಬೇಕಾಗಿದ್ದದ್ದು ಎರಡನೇ ದಿನ ಮೇಲೇಳುವ ಕಾಲು.

ನನ್ನ ಕಿವಿ ನೆಟ್ಟಗಾಯಿತು. ಹೈದರಾಬಾದಿನಲ್ಲಿ ಕೇಳಿದ್ದೂ ಇದನ್ನೇ ಅಲ್ಲವೇ! ಮೈ ಮುರಿದು ಓಡಿದಾಗ ಸ್ನಾಯುವಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹರಕು ಆಗುತ್ತವೆ. ಅದನ್ನು ಸರಿಪಡಿಸಲು ಮೈ ಅಲ್ಲಿಗೆ ರಕ್ತ, ನೀರು ಎಲ್ಲ ಕಳಿಸುತ್ತದೆ. ಪುಸ್ತಕದಲ್ಲಿ ಅದಕ್ಕೆ ಉರಿಯೂತ ಅನ್ನುತ್ತಾರೆ. ನಮ್ಮ ಹುಡುಗಿಯರು ಬಾವು ಅನ್ನುತ್ತಿದ್ದರು, ಇಲ್ಲಾ "ಕಾಲು ಹಿಡ್ಕೊಂಡಾವ" ಅನ್ನುತ್ತಿದ್ದರು. ಓಡುವಾಗ ಮೈ ಆಮ್ಲಜನಕವನ್ನು ಜಾಸ್ತಿ ಉರಿಸುತ್ತದೆ, ಆ ಉರಿಯ ಕಿಡಿಗಳು ಮೈಯೊಳಗೆ ಉಳಿದು ಇನ್ನಷ್ಟು ಕಾಡುತ್ತವೆ. ಬಣ್ಣದ ಹಣ್ಣು, ಹುಳಿ ಸೊಪ್ಪು, ಅರಿಶಿಣ ಇಂಥವು ಆ ಕಿಡಿ ಆರಿಸಲು ಸಹಾಯ ಮಾಡುತ್ತವೆ ಅನ್ನುವುದು ಹೊಸ ವಿಚಾರ. ಎಷ್ಟು ಸಹಾಯ, ಯಾರಿಗೆ, ಎಷ್ಟು ದಿನ ತಿಂದರೆ, ಅದು ಹೇಳಿದವರಿಗೂ ಪೂರಾ ಗೊತ್ತಿರಲಿಲ್ಲ. ನನಗೆ ಗೊತ್ತಿದೆ ಅಂತ ನಾನು ಅಂದುಕೊಂಡಿದ್ದೆ.

ಆಟದ ಮಾಸ್ತರರು ಸಿದ್ರಾಮಪ್ಪ ಸರ್. ದೊಡ್ಡ ಹೊಟ್ಟೆ, ದೊಡ್ಡ ಗಂಟಲು, ಹೆಂಗರುಳು. ಹುಡುಗಿಯರಿಗೆ ತಮ್ಮ ಡಬ್ಬಿಯ ರೊಟ್ಟಿ ಕೊಟ್ಟುಬಿಡುವ ಮನುಷ್ಯ. ನನ್ನ ವಿಚಾರ ಕೇಳಿ ಅವರು ನಕ್ಕರು.

"ಮೇಡಂ, ಬ್ಯಾನಿಗೆ ಗುಳಿಗಿ ಅದ. ಪಲ್ಯ ಯಾಕ್ರಿ?"

"ಗುಳಿಗಿ ನೀವು ನುಂಗ್ರಿ. ಹುಡುಗ್ಯಾರಿಗೆ ನಾ ಊಟ ಹೇಳ್ತೀನಿ."

"ಆಯ್ತು ಬಿಡ್ರಿ, ತಿನ್ನಾಕ ಯಾರು ಬ್ಯಾಡಂತಾರ."

ಮರುದಿನವೇ ಉತ್ಸಾಹದಿಂದ ಮಾರ್ಕೆಟ್ಟಿಗೆ ಹೋಗಿ ಕೆಂಪು ಬಾಳೆಹಣ್ಣು ತಂದರು. ಬಣ್ಣ ಕೆಂಪಿದೆ, ಹಣ್ಣಾಗಿದೆ ಅಂತ ಅವರ ಲೆಕ್ಕ. ಆ ಬಾಳೆ ಕಾಯಿ ಇದ್ದಾಗಲೂ ಕೆಂಪೇ ಇರುತ್ತದೆ ಅನ್ನುವುದು ಅವರಿಗೆ ಹೊಳೆದಿರಲಿಲ್ಲ. ಹುಡುಗಿಯರು ಕಚ್ಚಿದರು, ಒಗರಿಗೆ ನಾಲಿಗೆ ಮಡಿಚಲು ಬರದೆ ಒಬ್ಬರ ಮುಖ ಒಬ್ಬರು ನೋಡಿದರು. ಶಕೀಲಾ ಮಾತ್ರ ಬಿದ್ದು ಬಿದ್ದು ನಕ್ಕಳು. "ಯಾ ಅಲ್ಲಾ! ಸರ್, ಇದು ಇನ್ನಾ ಕಾಯಿ ಅದರಿ! ನಮ್ಮ ಅಬ್ಬಾ ನೋಡಿದ್ರ ನಿಮಗ ಬೈದೇ ಬಿಡ್ತಿದ್ರು."

ಶಕೀಲಾ ಕಮಲಾಪುರದವಳು. ಎಂಟುನೂರು ಮೀಟರ್ ಓಡುತ್ತಿದ್ದಳು, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಅವಳ ಅಪ್ಪ ಬಾಬು ಮಿಯಾ ಅಲ್ಲಿ ಬಾಳೆ ತೋಟ ಮಾಡಿದ್ದರು. ಮುಂದಿನ ಭಾನುವಾರವೇ ನಾನು ಅವಳ ಜೊತೆ ಕಮಲಾಪುರಕ್ಕೆ ಹೋದೆ. ಚಳಿ ಬಿದ್ದಿತ್ತು. ಬಸ್ಸಿನ ಎರಡೂ ಕಡೆ ಎರೆ ಹೊಲದಲ್ಲಿ ತೊಗರಿ ಹಳದಿ ಹೂವಿಗೆ ಬಂದಿತ್ತು. ಊರು ಹತ್ತಿರ ಬಂದಂತೆ ಮಣ್ಣು ಕೆಂಪಾಯಿತು, ಗಾಳಿ ಇನ್ನೂ ತಣ್ಣಗಾಯಿತು. ಬಾಬು ಮಿಯಾ ತೋಟದ ಬದುವಿನ ಮೇಲೆ ಚಾಪೆ ಹಾಸಿ ಕೂರಿಸಿದರು.

"ಓಡೋ ಹುಡುಗ್ಯಾರಿಗೆ ನಮ್ಮ ಬಾಳಿಹಣ್ಣು ಯಾಕ್ರಿ ಮೇಡಂ? ರೇಸಿನ ಕುದುರಿಗೆ ಕಡ್ಲಿ ಇಟ್ಟಂಗೇನು?"

"ಹಂಗೇ ಅಂತ ತಿಳ್ಕೋರಿ."

"ಅಚ್ಛಾ. ಆದ್ರ ಇದು ಗಡಬಡಿ ಹಣ್ಣಲ್ರಿ. ಗಿಡದ ಮ್ಯಾಲನೂ ಟೈಮ್ ತಗೋತದ, ಇಳಿಸಿದ ಮ್ಯಾಲನೂ ಟೈಮ್ ತಗೋತದ. ಹಣ್ಣಾದಾಗ ನಾನೇ ಬೇಟಿ ಕೈಯಾಗ ಕಳಿಸ್ತೀನಿ. ನಿಮ್ಮ ಸರ್‌ಗೆ ಹೇಳ್ರಿ, ಅವರು ಸೀಟಿ ಊದಲಿ, ಹಣ್ಣು ನಮಗ ಬಿಡಲಿ."

ಅಂದಿನಿಂದ ಶಕೀಲಾ ಬಸ್ಸಿನಲ್ಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಬರಲು ಶುರು ಮಾಡಿದಳು. ನಾನು ಲ್ಯಾಬಿನಲ್ಲಿ ಹುಳಿ ಸೊಪ್ಪಿನ ಪುಂಡಿಪಲ್ಯ, ಖಾರದ ಅಗಸಿ ಹಿಂಡಿ, ಗಜ್ಜರಿ, ಬೆಟ್ಟದ ನೆಲ್ಲಿಕಾಯಿ ಹೊಂದಿಸಿದೆ. ಕೊಡುವುದಾದರೆ ಶಾಸ್ತ್ರೀಯವಾಗಿ ಕೊಡಬೇಕು ಅಂತ ಹುಡುಗಿಯರನ್ನು ಎರಡು ಸಾಲು ಮಾಡಿದೆ. ಒಂದು ಸಾಲಿಗೆ ಓಡಿದ ಮೇಲೆ ನನ್ನ ಬಣ್ಣದ ಊಟ. ಇನ್ನೊಂದು ಸಾಲಿಗೆ ಅವರವರ ಡಬ್ಬಿಯಲ್ಲಿ ಏನಿದೆಯೋ ಅದು. ಮರುದಿನ ಬೆಳಿಗ್ಗೆ ಟೈಲರ್ ಟೇಪಿನಲ್ಲಿ ಎಲ್ಲರ ಮೀನಖಂಡದ ಸುತ್ತಳತೆ ನೋಡುವುದು. ಜೊತೆಗೆ ಒಂದು ಪ್ರಶ್ನೆ: "ಮುಂಜಾನಿ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕ ಬಂತೇನು?" ಕಾಲು ಹಿಡಿದುಕೊಂಡವಳಿಗೆ ಕುಕ್ಕರಗಾಲಿನಲ್ಲಿ ಕೂಡಲು ಆಗುವುದಿಲ್ಲ. ಅದಕ್ಕಿಂತ ಒಳ್ಳೆಯ ಅಳತೆ ಹೈದರಾಬಾದಿನವರ ಹತ್ತಿರವೂ ಇರಲಿಲ್ಲ.

ಮಾಳಮ್ಮ ಮತ್ತು ಶಕೀಲಾ ಇಬ್ಬರೂ ಬಣ್ಣದ ಸಾಲಿನವರು.

ವಾರಗಟ್ಟಲೆ ಅಳೆದೆ. ಎರಡು ಸಾಲಿಗೂ ಏನೇನೂ ಫರಕು ಇಲ್ಲ! ಈ ಸಾಲಿನವಳು ಎಷ್ಟು ನರಳುತ್ತಾಳೋ ಆ ಸಾಲಿನವಳೂ ಅಷ್ಟೇ. ಈಕೆ ಚಲೋ ಇದ್ದರೆ ಆಕೆಯೂ ಚಲೋ. ನನ್ನ ತಲೆ ಕೆಟ್ಟು ಮೊಸರಾಯಿತು. ಟೇಪು ಸರಿಯಿಲ್ಲವೇನೋ ಅಂತ ಹೊಸ ಟೇಪು ತಂದೆ. ಸಿದ್ರಾಮಪ್ಪ ಸರ್ ವರಾಂಡದಲ್ಲಿ ಹಾದು ಹೋಗುವಾಗ ಬೇಕಂತಲೇ ಕೆಮ್ಮುತ್ತಿದ್ದರು.

ಒಂದು ದಿನ ಏನೋ ಮರೆತು ಲ್ಯಾಬಿನ ಹಿಂದೆ ಹೋದೆ. ಬೇವಿನ ಗಿಡದ ಕೆಳಗೆ ಎರಡೂ ಸಾಲಿನವರು ದುಂಡಗೆ ಕೂತಿದ್ದಾರೆ. ನಡುವೆ ಒಂದು ಪೇಪರು. ನನ್ನ ಪುಂಡಿಪಲ್ಯ, ನನ್ನ ನೆಲ್ಲಿಕಾಯಿ, ಬಾಬು ಮಿಯಾರ ಬಾಳೆಹಣ್ಣು, ಬೇರೆಯವರ ಡಬ್ಬಿಯ ಚಿತ್ರಾನ್ನ, ಎಲ್ಲ ಅದರ ಮೇಲೆ. ಬಾಳೆಹಣ್ಣನ್ನು ತುಂಡು ತುಂಡು ಮುರಿದು ಎಲ್ಲರ ಕೈಗೂ ಇಡುತ್ತಿದ್ದವಳು ಮಾಳಮ್ಮ.

ನನಗೆ ಎಲ್ಲಿತ್ತೋ ಸಿಟ್ಟು. "ಏನ್ರೇ ಇದು? ಎರಡು ಸಾಲು ಯಾಕ ಮಾಡೀನಿ ನಾನು? ನಿಮಗ ಬುದ್ಧಿ ಅದನೋ ಇಲ್ಲೋ?"

ಎಲ್ಲರೂ ತಲೆ ಕೆಳಗೆ ಹಾಕಿದರು. ಶಕೀಲಾಳೇ ಬಾಯಿ ತೆಗೆದಳು. "ಮೇಡಂ, ಅವರು ಬಾಯಿ ನೋಡ್ಕೋತ ಕುಂತಾಗ ನಮಗ ಗಂಟಲದಾಗ ಹೆಂಗ ಇಳೀಬೇಕ್ರಿ?"

"ಒಬ್ಬರ ಮುಂದ ಒಬ್ಬರು ತಿಂದ್ರ ಹೊಟ್ಟಿ ನೋಯ್ತದ್ರಿ ಮೇಡಂ" ಅಂದಳು ಮಾಳಮ್ಮ. "ನಮ್ಮವ್ವ ಹೊಡೀತಾಳ ಹಂಗ ಮಾಡಿದ್ರ."

ಖರೇ ಹೇಳಬೇಕೆಂದರೆ ನಾನೂ ಬ್ರಹ್ಮಪುರದ ಓಣಿಯಲ್ಲಿ ಬೆಳೆದವಳೇ. ಬಾಗಿಲಲ್ಲಿ ಯಾರಾದರೂ ನಿಂತಿದ್ದಾಗ ಒಂದು ತುತ್ತು ಅವರಿಗೆ ಕೊಡದೆ ಬಾಯಿಗೆ ಹಾಕಿಕೊಂಡವಳಲ್ಲ. ಊಟವನ್ನು ಎರಡು ಸಾಲು ಮಾಡಬಹುದು ಅಂತ ಅಂದುಕೊಂಡಿದ್ದೇ ನನ್ನ ದಡ್ಡತನ. ಅಲ್ಲಿಗೆ ನನ್ನ ಪ್ರಯೋಗ ಮಣ್ಣುಪಾಲಾಯಿತು. ಟೇಪನ್ನು ಹೊಲಿಗೆ ಡಬ್ಬಿಗೆ ಹಾಕಿ, "ಎಲ್ಲಾರೂ ತಿನ್ರಿ, ಹೊಟ್ಟಿ ತುಂಬ ತಿನ್ರಿ" ಅಂದುಬಿಟ್ಟೆ.

ಆಮೇಲೆ ಹುಡುಗಿಯರು ಚೇತರಿಸಿಕೊಂಡರು, ಸುಳ್ಳು ಹೇಳುವುದಿಲ್ಲ. ಮೊದಲು ಕಠಿಣ ಓಟದ ನಂತರ ಮೂರ್ನಾಲ್ಕು ದಿನ ಕುಂಟುತ್ತಿದ್ದವರು ಈಗ ಬೇಗ ಸರಿಯಾಗುತ್ತಿದ್ದರು. ಅದು ಆಂಟಿಆಕ್ಸಿಡೆಂಟಿನ ಗುಣವೋ, ಇಷ್ಟು ದಿನ ಓಡಿ ಮಧ್ಯಾಹ್ನದವರೆಗೆ ಉಪವಾಸ ಇರುತ್ತಿದ್ದವರ ಹೊಟ್ಟೆಗೆ ಸಮಯಕ್ಕೆ ಏನೋ ಬಿದ್ದದ್ದರ ಗುಣವೋ ನನಗೆ ಹೇಳಲು ಬರುವುದಿಲ್ಲ. ಎರಡೂ ಇರಬಹುದು. ಹೋಲಿಸಿ ನೋಡಲು ಇನ್ನೊಂದು ಸಾಲೇ ಉಳಿದಿರಲಿಲ್ಲವಲ್ಲ.

ಮಾಳಮ್ಮ ಮಾತ್ರ ದಿನದಿಂದ ದಿನಕ್ಕೆ ಸೊರಗುತ್ತಿದ್ದಳು. ಓಟ ಜೋರಿತ್ತು. ಎಲ್ಲರೂ ಕುಂಟುವ ದಿನವೂ ಅವಳು ಹಾರುತ್ತಿದ್ದಳು. ಸರ್ ಹಿಗ್ಗಿ ಹೀರೇಕಾಯಿ ಆಗಿದ್ದರು. ಮುಖ ಮಾತ್ರ ಬಿಳಿಚಿಕೊಂಡಿತ್ತು, ಕಣ್ಣಿನ ಕೆಳಗೆ ಕಪ್ಪು. ಹಂಚುವುದರಲ್ಲಿ ಮುಂದೆ, ತಿನ್ನುವುದರಲ್ಲಿ ಹಿಂದೆ. ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ ಓಟದ ನಡುವೆ ಬಗ್ಗಿ ಕೂತಳು, ವಾಂತಿ ಮಾಡಿಕೊಂಡಳು. ವಾಂತಿಯ ಬಣ್ಣ ಕಾಫಿ ಪುಡಿಯ ಹಾಗಿತ್ತು.

ಸರ್ ಸ್ಕೂಟರಿನ ಹಿಂದೆ ಅವಳನ್ನು ಕೂರಿಸಿಕೊಂಡರು, ನಾನು ಆಟೋದಲ್ಲಿ ಬೆನ್ನು ಹತ್ತಿದೆ. ನಮ್ಮ ಕಾಲೋನಿಯಲ್ಲೇ ಒಬ್ಬ ಲೇಡಿ ಡಾಕ್ಟರರ ದವಾಖಾನೆ ಇತ್ತು. ಹೊಟ್ಟೆ ಒತ್ತಿ ನೋಡಿ ಅವರು ಕೇಳಿದ್ದು ಒಂದೇ ಮಾತು: "ಬ್ಯಾನಿ ಗುಳಿಗಿ ಎಷ್ಟು ದಿನದಿಂದ ನುಂಗಾಕತ್ತಿ?"

ಮಾಳಮ್ಮ ಸರ್ ಮುಖ ನೋಡಿದಳು. ಸರ್ ನೆಲ ನೋಡಿದರು.

"ಹೋದ ವರ್ಷದಿಂದ್ರಿ. ದಸರಾ ರಜಾದಾಗಷ್ಟ ಬಿಟ್ಟಿದ್ದೆ. ಓಡೋ ಮೊದಲು ಒಂದು, ಮಲಗೋ ಮೊದಲು ಒಂದು."

"ನಾ ಯಾವಾಗರೆ ಒಂದು ನುಂಗು ಅಂದಿದ್ದೆ ತಾಯಿ! ದಿನಾ ಅಂದಿದ್ನೇನು?" ಅಂದರು ಸರ್.

"ನುಂಗದಿದ್ರ ಕಾಲು ಏಳಂಗಿಲ್ಲ ಸರ್. ಕಾಲು ಏಳದಿದ್ರ ನೀವು ತಂಡದಾಗ ಇಡಂಗಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿ ಅವಳ ಊಟ ಏನು ಅಂತ ಕೇಳಿದರು. ನಾನು ಜಂಬದಿಂದ ಪಟ್ಟಿ ಒಪ್ಪಿಸಿದೆ. ಅವರು ಹಣೆ ಚಚ್ಚಿಕೊಂಡರು. "ಹುಣ್ಣಾದ ಹೊಟ್ಟಿಗೆ ನೆಲ್ಲಿಕಾಯಿ, ಪುಂಡಿಪಲ್ಯ, ಖಾರ ಹಿಂಡಿ! ಹುಡುಗಿ ಜೀವಂತ ಅದಾಳಲ್ಲ, ಅದೇ ದೊಡ್ಡದು." ಆಗ ನನಗೆ ಅರ್ಥವಾಯಿತು ಅವಳು ಅಷ್ಟು ಧಾರಾಳವಾಗಿ ಯಾಕೆ ಹಂಚುತ್ತಿದ್ದಳು ಅಂತ. ಹುಳಿ ಖಾರ ಬಿದ್ದರೆ ಹೊಟ್ಟೆ ಕಾದ ಹಂಚಿನಂತೆ ಆಗುತ್ತಿತ್ತಂತೆ. ಬೇಡ ಅಂದರೆ ಮೇಡಂಗೆ ಬೇಜಾರಾಗುತ್ತದೆ ಅಂತ ಸುಮ್ಮನಿದ್ದಳಂತೆ. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳ್ರಿ. ನಾನಂತೂ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ.

"ನೋಡ್ರಿ" ಅಂದರು ಡಾಕ್ಟರು ಸ್ವಲ್ಪ ಮೆತ್ತಗಾಗಿ. "ಬಾವು ಅಂದ್ರ ಬರೇ ಕೇಡಲ್ಲ. ಅದು ಮೈ ಮಾಡೋ ರಿಪೇರಿ. ರಸ್ತಾ ರಿಪೇರಿ ಮಾಡುವಾಗ ಕಲ್ಲು, ಮಣ್ಣು, ಧೂಳಿ ಇರ್ತದಲ್ಲ, ಹಂಗ. ಗುಳಿಗಿ ಹಾಕಿ ಆ ಕೆಲಸಾನೇ ಬಂದ್ ಮಾಡಿದ್ರ ರಸ್ತಾ ಹೆಂಗ ಆಗಬೇಕು? ಹಣ್ಣು-ಪಲ್ಯ ತಿಂದ್ರ ಧೂಳಿ ಜರಾ ಕಮ್ಮಿ ಆಗ್ತದ, ಅಷ್ಟೇ. ಅದು ಗುಳಿಗಿ ಹಂಗ ಜಾದು ಮಾಡಂಗಿಲ್ಲ. ಈಗ ಗುಳಿಗಿ ಮುಟ್ಟಬಾರದು, ಹಾಲು, ಬ್ಯಾಳಿ, ಮೆತ್ತಗಿನ ಅನ್ನ, ಹಣ್ಣಾದ ಬಾಳಿಹಣ್ಣು. ಸುಧಾರಿಸಿದ ಮ್ಯಾಲ ಮೆಲ್ಲಕ ಓಡಲಿ."

"ಕ್ರೀಡಾಕೂಟಕ್ಕ ಓಡಬಹುದೇನ್ರಿ?" ಮಾಳಮ್ಮ ಅದೊಂದೇ ಕೇಳಿದಳು.

"ಸುಧಾರಿಸಿದ್ರ ಓಡು. ಎರಡನೇ ದಿನ ಕಾಲು ಎದ್ರ ಏಳ್ತಾವ, ಇಲ್ಲಂದ್ರ ಇಲ್ಲ. ಗುಳಿಗಿ ನುಂಗಿದಿ ಅಂದ್ರ ನನ್ನ ದವಾಖಾನಿಗೆ ಬರಬ್ಯಾಡ."

ಆ ನಂತರದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಚಳಿ ಹೆಚ್ಚಿತ್ತು, ಮೈದಾನದ ಮೇಲೆ ಬೆಳಗಿನ ಮಂಜು. ಉಳಿದವರು ಓಡುವಾಗ ಮಾಳಮ್ಮ ಬೇವಿನ ಗಿಡದ ಕೆಳಗೆ ಹೊದ್ದುಕೊಂಡು ಕೂತಿರುತ್ತಿದ್ದಳು. ಸರ್ ದಿನಾ ತಮ್ಮ ಮನೆಯಿಂದ ಹಾಲು ಕಾಸಿ ತಂದು ಎದುರು ನಿಂತು ಕುಡಿಸುತ್ತಿದ್ದರು. ಆಮೇಲೆ ನಡೆಯಲು ಶುರು ಮಾಡಿದಳು, ಆಮೇಲೆ ಮೆಲ್ಲಗೆ ಓಡಲು. ಗುಳಿಗೆ ಇಲ್ಲದ ಕಾಲು ಅವಳಿಗೆ ಹೊಸದು. "ಇಷ್ಟು ನೋಯ್ತದೇನ್ರಿ ಎಲ್ಲಾರಿಗೂ?" ಅಂತ ಒಂದು ದಿನ ಶಕೀಲಾಳನ್ನು ಕೇಳಿದಳು. "ಮತ್ತೇನು, ನಿನಗೊಬ್ಬಾಕಿಗೇ ಅಂತ ತಿಳಿದಿದ್ಯಾ?" ಅಂದಳು ಶಕೀಲಾ. ಆದರೆ ನೋವು ಗೊತ್ತಾಗುತ್ತಿದ್ದರಿಂದ ಎಲ್ಲಿ ಜೋರು ಮಾಡಬೇಕು, ಎಲ್ಲಿ ಬಿಡಬೇಕು ಅನ್ನುವುದೂ ಅವಳಿಗೆ ತಿಳಿಯತೊಡಗಿತು. ಮೊದಲಿನ ಹಾಗೆ ಕಣ್ಣು ಮುಚ್ಚಿ ಓಡುತ್ತಿರಲಿಲ್ಲ. ವೇಗ ಸ್ವಲ್ಪ ಇಳಿದಿತ್ತು. ಸರ್ ಗಡಿಯಾರ ನೋಡಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು.

ಕ್ರೀಡಾಕೂಟ ಬಂತು. ಅದು ನಮ್ಮೂರಿನ ಯೂನಿವರ್ಸಿಟಿ ಮೈದಾನದಲ್ಲೇ. ಬೀದರ, ರಾಯಚೂರು, ಬಳ್ಳಾರಿ ಕಡೆಯ ಕಾಲೇಜುಗಳೆಲ್ಲ ಬಂದಿದ್ದವು. ಹುಡುಗಿಯರಿಗೆ ಒಂದು ದೊಡ್ಡ ಸಭಾಂಗಣದಲ್ಲಿ ಸಾಲಾಗಿ ಹಾಸಿಗೆ. ನಮ್ಮವರೂ ಅಲ್ಲೇ ಉಳಿದರು, ಬೆಳಿಗ್ಗೆ ಬೇಗ ಮೈದಾನಕ್ಕೆ ಇಳಿಯಬೇಕಲ್ಲ. ಮೊದಲ ದಿನ ಮೂರು ಸಾವಿರದಲ್ಲಿ ಬೀದರಿನ ಹುಡುಗಿಯೊಬ್ಬಳು ಮೊದಲು ಬಂದಳು. ಮಾಳಮ್ಮ ಎರಡನೆಯವಳು. ಮುಗಿಸಿ ಬಂದವಳು ನೆಲಕ್ಕೆ ಕೂತಳು. ತೊಡೆ ಕಲ್ಲಾಗಿತ್ತು. ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದಳು.

ಸಾಯಂಕಾಲ ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಜೇಬಿನಿಂದ ಗುಳಿಗೆಯ ಪಟ್ಟಿ ಅರ್ಧ ಹೊರಗೆ ತೆಗೆದರು. "ಮೇಡಂ, ಒಂದೇ ಒಂದು. ನಾಳಿ ಮುಂಜಾನಿ ಒಂದು ಓಟ. ಆಕಿ ಜಿಂದಗಿ ಸವಾಲ್ ಅದ."

"ಆಕಿ ಜಿಂದಗಿದೇ ಸವಾಲ್ ಅದ, ಅದಕ್ಕೇ ಹೇಳಾ​ಕತ್ತೀನಿ. ಒಳಗ ಇಡ್ರಿ ಅದನ್ನ. ಇಲ್ಲಾ ಇಲ್ಲೇ ಎಲ್ಲಾರ ಮುಂದ ನಿಮ್ಮ ಮರ್ಯಾದಿ ತೆಗೀತೀನಿ."

ಸರ್ ಒಳಗೆ ಇಟ್ಟರು. ಬಾಯಿ ಜೋರು ಮಾಡಿದೆನೇ ಹೊರತು ನನಗೂ ಖಾತ್ರಿ ಇರಲಿಲ್ಲ. ನಾಳೆ ಕಾಲು ಏಳದಿದ್ದರೆ? ಆ ಸೀಟು ನನ್ನ ಮಾತಿನಿಂದ ಹೋದರೆ? ನನಗಿದ್ದ ಧೈರ್ಯವೆಲ್ಲ ಆ ದಿನ ಬಾಬು ಮಿಯಾ ಆರಿಸಿ ಕಳಿಸಿದ್ದ ಬುಟ್ಟಿಯ ಮೇಲೆ. ಮಾಗಿದ ಕೆಂಪು ಬಾಳೆಹಣ್ಣು, ಒಂದಕ್ಕೂ ಕಲೆಯಿಲ್ಲ. ಅದನ್ನು ಮಾಳಮ್ಮನ ಹಾಸಿಗೆಯ ಪಕ್ಕ ಇಟ್ಟೆ, ಅರಿಶಿಣ ಹಾಕಿದ ಹಾಲು ಕೊಟ್ಟೆ. "ಇವು ನಿನಗೊಬ್ಬಾಕಿಗೇ. ಇವತ್ತೊಂದಿನ ಯಾರಿಗೂ ಕೊಡಬ್ಯಾಡ. ನನ್ನ ಆಣಿ" ಅಂದೆ. ಅವಳು ತಲೆಯಾಡಿಸಿದಳು. ನಾನು ಮನೆಗೆ ಬಂದೆ.

ಬೆಳಿಗ್ಗೆ ಬೇಗನೇ ಹೋದೆ. ಸಭಾಂಗಣದ ಮೆಟ್ಟಿಲ ಕೆಳಗೆ ನಾನು, ಸರ್ ಇಬ್ಬರೂ ನಿಂತಿದ್ದೆವು. ಹುಡುಗಿಯರು ಇಳಿದು ಬಂದರು. ಕೊನೆಗೆ ಮಾಳಮ್ಮ. ಮುಖ ಮುಂದೆ ಮಾಡಿ, ಗೋಡೆಗೆ ಒಂದು ಕೈ ಕೊಟ್ಟು, ಮೆಲ್ಲಗೆ, ಒಂದೊಂದೇ ಮೆಟ್ಟಿಲು.

"ಬ್ಯಾನಿ ಅದನವ್ವಾ?" ಅಂದರು ಸರ್.

"ಅದರಿ. ಆದ್ರ ಓಡ್ತೀನಿ."

ಹದಿನೈದು ನೂರು ಮೀಟರ್ ಓಟ ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ನೋಡುವವರಿಗೆ ಅದಕ್ಕಿಂತ ಹಿಂಸೆ ಬೇರೆ ಇಲ್ಲ. ಮೊದಲ ಸುತ್ತಿಗೆ ಮಾಳಮ್ಮ ಗುಂಪಿನ ಬಾಲದಲ್ಲಿದ್ದಳು. ಸರ್ ಕಣ್ಣು ಮುಚ್ಚಿಕೊಂಡರು. ಹಿಂದಿನ ವರ್ಷ ಅವಳು ಕೂತುಬಿಟ್ಟ ಜಾಗ ದಾಟಿದಳು. ನಂತರ ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು, ಅವಸರವಿಲ್ಲದೆ, ಹೊಲದ ಬದುವಿನ ಮೇಲೆ ನಡೆದು ಹೋದ ಹಾಗೆ. ಶಕೀಲಾ ಕಂಬಿ ಹಿಡಿದು, "ಭಾಗೋ ಮಾಳೂ, ಭಾಗೋ!" ಅಂತ ಕಿರುಚಿ ಕಿರುಚಿ ಗಂಟಲು ಕಳೆದುಕೊಂಡಳು. ಕೊನೆಯ ತಿರುವಿನಲ್ಲಿ ರಾಯಚೂರಿನವಳ ಭುಜಕ್ಕೆ ಭುಜ ಕೊಟ್ಟು ಓಡಿ ದಾಟಿದಳು. ಬೀದರಿನವಳು ಮೊದಲು, ಬಳ್ಳಾರಿಯವಳು ಎರಡನೆಯವಳು, ನಮ್ಮ ಮಾಳಮ್ಮ ಮೂರು. ಎರಡು ದಿನದ ಅಂಕ ಕೂಡಿಸಿ ಹೆಸರು ಓದಿದರು. ಆಯ್ಕೆಯಾಗಿದ್ದಳು. ಸೀಟೂ ಮುಂದೆ ಸಿಕ್ಕಿತು, ಸೀಟಿ ಊದುವ ನೌಕರಿಯೂ. ಈಗ ಆಳಂದದ ಕಡೆ ಒಂದು ಹೈಸ್ಕೂಲಿನಲ್ಲಿದ್ದಾಳೆ. ಸಿದ್ರಾಮಪ್ಪ ಸರ್ ಅವತ್ತು ಮೈದಾನದ ನಡುವೆ ಮಗುವಿನ ಹಾಗೆ ಅತ್ತರು. ಜೇಬಿನಿಂದ ಆ ಗುಳಿಗೆಯ ಪಟ್ಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, "ಇದನ್ನ ನೀವೇ ಎಲ್ಲರೆ ಒಗೀರಿ" ಅಂದರು.

ಹುಡುಗಿಯರನ್ನು ಅವರವರ ಊರಿಗೆ ಬಿಡಲು ಹೊರಟ ಟೆಂಪೋದಲ್ಲಿ ನನ್ನ ಗತ್ತು ನೋಡಬೇಕಿತ್ತು. "ನೋಡಿದ್ರೇನ್ ಸರ್? ಕಮಲಾಪುರದ ಬಾಳಿಹಣ್ಣಂದ್ರ ಸಾಮಾನ್ಯ ಅಲ್ಲ. ಒಂದೇ ಸಂಜಿನ್ಯಾಗ ಬಾವು ಇಳಿಸಿಬಿಟ್ಟದ" ಅಂದೆ. ಸರ್ "ಹೌದ್ರಿ ಮೇಡಂ, ಹೌದ್ರಿ" ಅಂದರು. ಶಕೀಲಾ ದುಪಟ್ಟಾ ಬಾಯಿಗೆ ಹಿಡಿದುಕೊಂಡು ಕಿಸಕ್ಕನೆ ನಕ್ಕಳು. ಮಾಳಮ್ಮ ಅವಳನ್ನು ತಿವಿದಳು.

"ಏನದ? ಹೇಳ್ರೇ."

"ಮೇಡಂ, ಬೈಬ್ಯಾಡ್ರಿ" ಅಂದಳು ಶಕೀಲಾ, ಇದ್ದ ಅರ್ಧ ಗಂಟಲಿನಲ್ಲಿ. "ನಿಮ್ಮ ಬಾಳಿಹಣ್ಣು ಇಕಿ ತಿಂದೇ ಇಲ್ಲ. ಬೀದರ ಹುಡುಗಿಗೆ ಕೊಟ್ಟಾಳ. ಎಲ್ಲಾ!"

ಟೆಂಪೋ ತುಂಬ ನಗು. ನನಗೆ ರೇಗಿಹೋಯಿತು. "ಹುಚ್ಚಿ! ನನ್ನ ಆಣಿ ಹಾಕಿದ್ನಲ್ಲೇ! ಅದೂ ಹೋಗಿ ಹೋಗಿ ಗೆಲ್ಲೋ ಹುಡುಗಿಗೆ?"

ಮಾಳಮ್ಮ ತಲೆ ತಗ್ಗಿಸಿದಳು. "ಬಾಜೂ ಹಾಸಿಗಿಯಾಗ ಮಲಗಿದ್ದಳ್ರಿ ಮೇಡಂ. ಕಾಲು ಹಿಡ್ಕೊಂಡು ಅಳಾಕತ್ತಿದ್ದಳು. ಆಕಿ ಜೋಡಿ ಯಾರೂ ಬಂದಿರಲಿಲ್ಲ. ಬುಟ್ಟಿ ಕಡೀನೇ ನೋಡ್ಕೋತ ಇದ್ದಳು. ನಾ ಹೆಂಗ ತಿನ್ನಲಿ?"

ಯಾರೂ ನಗಲಿಲ್ಲ ಈಗ. ನಾನೇ ಕೇಳಿದೆ, "ಹಂಗಾದ್ರ ನೀ ಹೆಂಗ ಓಡಿದಿ? ಗುಳಿಗಿ ಇಲ್ಲ, ಹಣ್ಣೂ ಇಲ್ಲ."

"ನಿದ್ದಿ ಹತ್ತಿತ್ರಿ ಮೇಡಂ" ಅಂದಳು. "ಗುಳಿಗಿ ನುಂಗುವಾಗ ರಾತ್ರಿಯೆಲ್ಲಾ ಹೊಟ್ಟಿ ಉರೀತಿತ್ತು. ಎದ್ದು ಎದ್ದು ನೀರು ಕುಡೀತಿದ್ದೆ. ಮಲಗಿದಂಗೇ ಆಗ್ತಿರಲಿಲ್ಲ. ನಿನ್ನಿ ಹಾಲು ಕುಡಿದು ಮಲಗಿದಾಕಿ ಮುಂಜಾನಿ ಶಕೀಲಾ ಎಬ್ಬಿಸಿದಾಗಲೇ ಕಣ್ಣು ತೆರೆದೆ. ಎಷ್ಟು ಛಲೋ ಅನಿಸ್ತು ಅಂದ್ರ..." ನಕ್ಕುಬಿಟ್ಟಳು.

ಹೈದರಾಬಾದಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಟೆಂಪೋ ಕುಲುಕುತ್ತ ಹೋಗುತ್ತಿತ್ತು. ನೋಡ ನೋಡುತ್ತಿದ್ದ ಹಾಗೆ ಮಾಳಮ್ಮ ಶಕೀಲಾಳ ಹೆಗಲಿಗೆ ತಲೆ ಕೊಟ್ಟು ಮತ್ತೆ ನಿದ್ದೆಗೆ ಜಾರಿದಳು. ಬಾಯಿ ಸ್ವಲ್ಪ ತೆರೆದಿತ್ತು. ಸರ್ ಹಿಂದೆ ತಿರುಗಿ, "ಏ ಮಾಳಮ್ಮಾ, ನಿಮ್ಮ ಊರು ಬರಾಕತ್ತದ, ಏಳವ್ವಾ" ಅಂತ ಕೂಗಲು ಹೋದರು. ನಾನು ಅವರ ತೋಳು ಹಿಡಿದೆ.

"ಮಲಗಲಿ ಬಿಡ್ರಿ ಸರ್" ಅಂದೆ. "ಗಾಡಿ ಇನ್ನೊಂದು ಸುತ್ತು ತಿರಗಲಿ."